ಮೆಟ್ಸ್ ಟೋಪಿ ಕಸದ ಬುಟ್ಟಿಗೆ ಹೋಯಿತು, ಮಗನಿಗೆ ಏನು ಹೇಳಲಿ?

ಪ್ರಶ್ನೆ: ಸರ್, ನಾವು ಹಾಸನದ ಕಡೆಯವರು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. 12 ವರ್ಷದ ಮಗನಿಗೆ ಬೇಸ್‌ಬಾಲ್ ಹುಚ್ಚು, ಅದರಲ್ಲೂ ನ್ಯೂಯಾರ್ಕ್ ಮೆಟ್ಸ್ ಅಂದ್ರೆ ಪ್ರಾಣ. ಅವನ ಪಕ್ಕ ಕೂತು ಕೂತು ನನಗೂ ಹುಚ್ಚು ಹಿಡಿಯಿತು. 2025ರ ಜುಲೈನಲ್ಲಿ ಮೆಟ್ಸ್‌ನ ಹಳೇ ಆಟಗಾರ ಡೇವಿಡ್ ರೈಟ್‌ಗೆ ಸನ್ಮಾನ ಮಾಡಿದ ದಿನ ಅವರ ಸ್ಟೇಡಿಯಂ ಸಿಟಿ ಫೀಲ್ಡ್‌ಗೆ ಹೋಗಿದ್ದೆವು. ಮ್ಯಾಚ್ ಸೋತರೂ ಖುಷಿಯಾಗೇ ಬಂದೆವು. ಆಮೇಲೆ ಸೆಪ್ಟೆಂಬರ್ 28ರ ಆ ಭಾನುವಾರ. ಗೆದ್ದಿದ್ದರೆ ಪ್ಲೇಆಫ್. ಮಯಾಮಿಯಲ್ಲಿ 4-0 ಸೋತರು. ಮಗ ಅತ್ತ, ಟೋಪಿಯನ್ನು ಕಸದ ಬುಟ್ಟಿಗೆ ಹಾಕಿದ. ನಾನು ಮೆಲ್ಲಗೆ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಅವನ ಹೀರೊ ಪೀಟ್ ಅಲಾನ್ಸೊ ಕೂಡ ತಂಡ ಬಿಟ್ಟ. ಈಗ ಆಟದ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾನೆ. ಜೂನ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ತಂಡ, ಅಷ್ಟೊಂದು ದುಡ್ಡು ಸುರಿದ ತಂಡ, ಹೀಗೆ ಹೇಗೆ ಮುಳುಗಿತು? ಕೊನೇ ದಿನ ಹೆದರಿ ಸೋತರಾ? ಇವನಿಗೆ ಏನು ಹೇಳಲಿ? ಮುಂದಿನ ಸೀಸನ್‌ಗೆ ಟಿಕೆಟ್ ತಗೊಳ್ಳೋದಾ ಬೇಡವಾ?

ಉತ್ತರ: ಟೋಪಿ ಬೀರುವಿನಲ್ಲೇ ಇರಲಿ. ತೆಗೆದಿಟ್ಟಿದ್ದೀನಿ ಅಂತ ಹೇಳಲೂ ಬೇಡಿ. ನಾನು ಕ್ವೀನ್ಸ್‌ನಲ್ಲಿ ಚಿಕ್ಕ ಹುಡುಗರಿಗೆ ಬೇಸ್‌ಬಾಲ್ ಹೇಳಿಕೊಡಲು ಶುರುಮಾಡಿ ಬಹಳ ವರ್ಷಗಳಾದವು. ಅಕ್ಟೋಬರ್‌ನಲ್ಲಿ ಟೋಪಿ ಎಸೆದ ಹುಡುಗರು ಮಾರ್ಚ್‌ನಲ್ಲಿ ಮನೆಯೆಲ್ಲ ಹುಡುಕೋದನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪ ತೆಗೆದಿಟ್ಟಿರುತ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಅದಕ್ಕೇ ಅಷ್ಟು ಧೈರ್ಯವಾಗಿ ಎಸೆದಿರುತ್ತಾರೆ.

ನಿಮ್ಮ ಮಗನಿಗೆ ಇದು ಮೊದಲ ಸಲ. ನನಗೆ ಮೂರನೆಯದು. ಮೂರೂ ಸಲ ಸೆಪ್ಟೆಂಬರ್ ಕೊನೆಯ ಭಾನುವಾರ. ಮೂರೂ ಸಲ ಎದುರಾಳಿ ಅದೇ ಮಯಾಮಿಯ ಮಾರ್ಲಿನ್ಸ್. ಇದನ್ನು ಹೇಳಿದರೆ ಸುಮ್ನೆ ಕಥೆ ಕಟ್ಟುತ್ತಿದ್ದೀನಿ ಅಂದುಕೊಳ್ಳುತ್ತಾರೆ.

2007ರಲ್ಲಿ ಇನ್ನು 17 ಪಂದ್ಯ ಬಾಕಿ ಇರುವಾಗ ಮೆಟ್ಸ್ ತನ್ನ ವಿಭಾಗದಲ್ಲಿ 7 ಪಂದ್ಯ ಮುಂದಿತ್ತು. ಆ 17ರಲ್ಲಿ 12 ಸೋತಿತು. ಹಿಂದೆ ಇದ್ದ ಫಿಲಡೆಲ್ಫಿಯಾ ಫಿಲೀಸ್ ಬಂದು ಸಮ ಮಾಡಿಕೊಂಡಿತು. ಸೆಪ್ಟೆಂಬರ್ 30, ಕೊನೇ ಪಂದ್ಯ. ಪಿಚ್ ಮಾಡಲು, ಅಂದರೆ ನಮ್ಮ ಬೌಲಿಂಗ್ ಥರ ಚೆಂಡು ಎಸೆಯಲು, ಬಂದವರು ಟಾಮ್ ಗ್ಲಾವಿನ್. ಅದೇ ಆಗಸ್ಟ್‌ನಲ್ಲಿ 300ನೇ ಗೆಲುವು ಕಂಡವರು, ಮುಂದೆ ಹಾಲ್ ಆಫ್ ಫೇಮ್‌ಗೆ ಹೋದವರು. ಆ ದಿನ ಒಂದೇ ಒಂದು ಔಟ್ ಮಾಡುವಷ್ಟರಲ್ಲಿ 7 ರನ್ ಬಿಟ್ಟುಕೊಟ್ಟರು. ಬೇಸ್ ಮೂರರಲ್ಲೂ ಓಟಗಾರರು ನಿಂತಿದ್ದಾಗ ಎದುರಾಳಿ ತಂಡದ ಪಿಚರ್‌ನ ಮೈಗೇ ಚೆಂಡು ಹಾಕಿ ಒಂದು ರನ್ ದಾನ ಮಾಡಿದರು. 8-1 ಸೋಲು. ಮುಗಿದ ಮೇಲೆ ಅವರು ಹೇಳಿದ್ದು, ನಿರಾಸೆಯಾಗಿದೆ, ಆದರೆ ಕುಸಿದುಹೋಗಿಲ್ಲ ಅನ್ನೋ ಅರ್ಥದ ಮಾತು. ಮಾತು ನಿಜವೇ ಇರಬಹುದು. ಆದರೆ ಮನೆಯಲ್ಲಿ ಅಳುತ್ತಾ ಕೂತವರಿಗೆ ಅದು ಉಪ್ಪು ಸವರಿದ ಹಾಗಾಯಿತು. ಇವತ್ತಿಗೂ ಇಲ್ಲಿನ ಹಳಬರು ಆ 7 ರನ್ ಮರೆತಾರು, ಆ ಮಾತನ್ನು ಮರೆಯರು.

2008ರಲ್ಲಿ ನಾನೇ ಶೇ ಸ್ಟೇಡಿಯಂನಲ್ಲಿದ್ದೆ. ಬೆಳಿಗ್ಗೆ ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಹೋಗಿ, ಕೆಳಗಿನ ಕ್ಯಾಂಟೀನ್‌ನಲ್ಲಿ ದೋಸೆ ತಿಂದು, ಅಲ್ಲಿಂದ ಸ್ಟೇಡಿಯಂ. ಹೊಸ ಸ್ಟೇಡಿಯಂ ಪಕ್ಕದಲ್ಲೇ ಎದ್ದು ನಿಂತಿತ್ತು, ಅದೇ ಈಗಿನ ಸಿಟಿ ಫೀಲ್ಡ್. ಹಳೆಯದರಲ್ಲಿ ಅದು ಕೊನೇ ನಿಗದಿತ ಪಂದ್ಯ. ಗೆದ್ದಿದ್ದರೆ ಮಿಲ್ವಾಕಿ ಬ್ರೂವರ್ಸ್ ಜೊತೆ ಸಮವಾಗಿ, ಇನ್ನೊಂದು ಪಂದ್ಯ ಆಡಿ ಇತ್ಯರ್ಥ ಮಾಡಿಕೊಳ್ಳಬಹುದಿತ್ತು. 2-2 ಇದ್ದದ್ದು, ರಿಲೀಫ್‌ಗೆ, ಅಂದರೆ ಮಧ್ಯದಲ್ಲಿ ಬದಲಿಯಾಗಿ, ಬಂದ ಪಿಚರ್‌ಗಳಿಗೆ ಮಾರ್ಲಿನ್ಸ್ ಬೆನ್ನು ಬೆನ್ನಿಗೆ ಎರಡು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆಯಿತು. 4-2. ಅತ್ತ ಮಿಲ್ವಾಕಿ ಗೆದ್ದಿತ್ತು. ವಿಚಿತ್ರ ಅಂದರೆ ಇಷ್ಟೆಲ್ಲ ಆದಮೇಲೆ ಸ್ಟೇಡಿಯಂಗೆ ವಿದಾಯದ ಸಮಾರಂಭ ಇಟ್ಟಿದ್ದರು! ಸೂತಕದ ಮನೆಯಲ್ಲಿ ಆರತಿ ಎತ್ತಿದ ಹಾಗೆ. ಅರ್ಧ ಜನ ಎದ್ದು ಹೋದರು. ನಾನು ಕೂತೆ. ಹಳೇ ಆಟಗಾರರೆಲ್ಲ ಬಂದರು. ಟಾಮ್ ಸೀವರ್ ಎಸೆದ ಕೊನೇ ಚೆಂಡನ್ನು ಮೈಕ್ ಪಿಯಾಜಾ ಹಿಡಿದರು. ಇಬ್ಬರೂ ಮೈದಾನದ ಉದ್ದಕ್ಕೂ ನಡೆದು ಹೋಗಿ ಸೆಂಟರ್ ಫೀಲ್ಡ್ ಗೇಟ್ ಎಳೆದುಕೊಂಡರು. ನನ್ನ ಮುಂದಿನ ಸಾಲಿನ ಅಜ್ಜ ಒಬ್ಬರು ಮೂಗು ಒರೆಸಿಕೊಳ್ಳುತ್ತಲೇ ಚಪ್ಪಾಳೆ ಹೊಡೆಯುತ್ತಿದ್ದರು. ಅಳುತ್ತಿದ್ದದ್ದು ಸೋಲಿಗೋ ಸ್ಟೇಡಿಯಂಗೋ, ಅವರಿಗೇ ಗೊತ್ತಿತ್ತೋ ಇಲ್ಲವೋ.

ಇನ್ನೊಂದು ವಿಷಯ ನೋಡಿ. ಮೂರೂ ಸಲ ಹಿಂದಿನ ದಿನ, ಶನಿವಾರ, ಮೆಟ್ಸ್ ಅದೇ ಮಾರ್ಲಿನ್ಸ್‌ಗೆ ಒಂದು ರನ್ನೂ ಕೊಡದೆ ಗೆದ್ದಿತ್ತು. 2007ರಲ್ಲಿ 13-0. 2008ರಲ್ಲಿ 2-0, ಜೋಹಾನ್ ಸಂಟಾನಾ ಮೊಣಕಾಲಿನ ಗಾಯ ಇಟ್ಟುಕೊಂಡು, ಮೂರೇ ದಿನದ ವಿಶ್ರಾಂತಿಯಲ್ಲಿ, ಪೂರ್ತಿ 9 ಇನಿಂಗ್ಸ್ ಎಸೆದು ಗೆಲ್ಲಿಸಿದ್ದು. 2025ರಲ್ಲಿ 5-0. ಶನಿವಾರ ಹಾಗೆ ಗೆದ್ದದ್ದರಿಂದಲೇ ಭಾನುವಾರ ಅಷ್ಟು ಉರಿದದ್ದು. ಶನಿವಾರವೇ ಸೋತಿದ್ದರೆ ನಿಮ್ಮ ಮಗ 'ಛೆ' ಅಂದು ಹೋಂವರ್ಕ್ ತೆಗೆದಿರುತ್ತಿದ್ದ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. 2025ರ ಜೂನ್ 12ರಂದು ಮೆಟ್ಸ್ ಲೆಕ್ಕ 45 ಗೆಲುವು, 24 ಸೋಲು. ಇಡೀ ಮೇಜರ್ ಲೀಗ್‌ನಲ್ಲಿ ಅದೇ ಒಳ್ಳೆಯದು. (ಆರ್‌ಸಿಬಿ ಕಪ್ ಎತ್ತಿ ಒಂಬತ್ತೇ ದಿನ ಆಗಿತ್ತು. ಎರಡೂ ತಂಡ ನಂಬಿಕೊಂಡ ನನ್ನಂಥವನಿಗೆ ಆ ವಾರ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.) ಅಲ್ಲಿಂದ ಮುಂದಿನ 93 ಪಂದ್ಯಗಳಲ್ಲಿ 38 ಗೆಲುವು, 55 ಸೋಲು. ಮೊದಲಿನ ವೇಗದಲ್ಲೇ ಹೋಗಿದ್ದರೆ ವರ್ಷಕ್ಕೆ ಹತ್ತಿರ ಹತ್ತಿರ 106 ಗೆಲುವು. ಆಮೇಲಿನ ವೇಗದಲ್ಲಿ ವರ್ಷವಿಡೀ ಆಡಿದ್ದರೆ 66. ಒಂದೇ ಬಟ್ಟೆ ಹಾಕಿಕೊಂಡ ಎರಡು ಬೇರೆ ತಂಡ ಅನ್ನಿ. ಕೊನೆಗೆ 83-79.

ಸಿನ್ಸಿನಾಟಿ ರೆಡ್ಸ್ ಕೂಡ 83-79. ಆದರೂ ಅವರು ಒಳಗೆ, ಇವರು ಹೊರಗೆ. ಇದು ನಿಮ್ಮ ಮಗನಿಗೆ ಅನ್ಯಾಯ ಅನ್ನಿಸಿರಬೇಕು. ಅವನಿಗೆ 2024ರ ಐಪಿಎಲ್ ನೆನಪಿಸಿ. ಮೊದಲ 8ರಲ್ಲಿ 7 ಸೋತ ಆರ್‌ಸಿಬಿ ಆಮೇಲೆ ಸತತ 6 ಗೆದ್ದು ಚೆನ್ನೈ ಜೊತೆ 14 ಪಾಯಿಂಟ್‌ಗೆ ಸಮವಾಯಿತು. ರನ್ ರೇಟ್ ನೋಡಿ ನಮ್ಮನ್ನು ಒಳಗೆ ಬಿಟ್ಟರು. ಅವತ್ತು ನಮಗ್ಯಾರಿಗೂ ಆ ನಿಯಮ ಅನ್ಯಾಯ ಅನ್ನಿಸಲಿಲ್ಲ, ಅಲ್ವಾ? ಬೇಸ್‌ಬಾಲ್‌ನಲ್ಲಿ ರನ್ ರೇಟ್ ಇಲ್ಲ. ಹಿಂದೆ ಸಮವಾದರೆ 163ನೇ ಪಂದ್ಯ ಅಂತ ಒಂದು ಹೆಚ್ಚುವರಿ ಆಟ ಇರುತ್ತಿತ್ತು. 2022ರಿಂದ ಅದನ್ನು ತೆಗೆದುಹಾಕಿದರು. ಈಗ ಆ ಎರಡು ತಂಡಗಳು ವರ್ಷದಲ್ಲಿ ಪರಸ್ಪರ ಆಡಿದಾಗ ಯಾರು ಜಾಸ್ತಿ ಗೆದ್ದರು ಅಂತ ನೋಡುತ್ತಾರೆ. ಮೆಟ್ಸ್ ಮತ್ತು ರೆಡ್ಸ್ ಆರು ಸಲ ಆಡಿದರು. ರೆಡ್ಸ್ 4, ಮೆಟ್ಸ್ 2.

ಆ ಆರರಲ್ಲಿ ಮೂರು ಪಂದ್ಯ ಜುಲೈನಲ್ಲಿ ಸಿಟಿ ಫೀಲ್ಡ್‌ನಲ್ಲಿ ನಡೆದವು. ಮಧ್ಯದ್ದು ಜುಲೈ 19, ಶನಿವಾರ. ಆವತ್ತು ಆಟಕ್ಕೆ ಮುಂಚೆ ಡೇವಿಡ್ ರೈಟ್ ಅವರ ಜರ್ಸಿಯ 5ನೇ ನಂಬರನ್ನು ಇನ್ಯಾರಿಗೂ ಕೊಡದ ಹಾಗೆ ಶಾಶ್ವತವಾಗಿ ಎತ್ತಿಟ್ಟರು. ಹೌದು, ನೀವು ಮಗನನ್ನು ಕರೆದುಕೊಂಡು ಹೋದ ದಿನವೇ. ಮೆಟ್ಸ್ 5-2 ಸೋತಿತು. ನೀವೇ ಬರೆದಿದ್ದೀರಿ, ಸೋತರೂ ಖುಷಿಯಾಗೇ ಬಂದೆವು ಅಂತ. ಆ ಒಂದು ಪಂದ್ಯ ಗೆದ್ದಿದ್ದರೆ ಮೆಟ್ಸ್ 84, ರೆಡ್ಸ್ 82. ಮಯಾಮಿಯ ಭಾನುವಾರ ಏನೇ ಆಗಿದ್ದರೂ ಸಿನ್ಸಿನಾಟಿಗಿಂತ ಮೆಟ್ಸ್ ಮುಂದೆ ಇರುತ್ತಿತ್ತು.

ನಿಮ್ಮ ಆ ದಿನದ ನೆನಪಿಗೆ ಹುಳಿ ಹಿಂಡಬೇಕು ಅಂತ ಇದನ್ನು ಹೇಳುತ್ತಿಲ್ಲ. ಸೋತ 79ರಲ್ಲಿ ಯಾವುದನ್ನು ಎತ್ತಿಕೊಂಡರೂ ಲೆಕ್ಕ ಹೆಚ್ಚುಕಮ್ಮಿ ಇದೇ ಬರುತ್ತದೆ. ಏಪ್ರಿಲ್‌ನ ಮಂಗಳವಾರದ ಒಂದು ಸೋಲಿಗೂ ಸೆಪ್ಟೆಂಬರ್ 28ರ ಸೋಲಿಗೂ ಪಟ್ಟಿಯಲ್ಲಿ ಒಂದೇ ಬೆಲೆ. ನಮ್ಮ ಹೊಟ್ಟೆಗೆ ಮಾತ್ರ ಅದು ಒಪ್ಪುವುದಿಲ್ಲ. ತಿಂಗಳಿಡೀ ಹೋಟೆಲ್, ಸಿನಿಮಾ ಅಂತ ನೂರು ನೂರು ಖರ್ಚು ಮಾಡಿರುತ್ತೇವೆ. 29ನೇ ತಾರೀಕು ಹಾಲಿನವನಿಗೆ ಕೊಡಲು ದುಡ್ಡಿಲ್ಲದಾಗ ಬೈಯೋದು ಹಾಲಿನವನನ್ನು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಇನ್ನೂ ಕಷ್ಟ. 14 ಪಂದ್ಯದ ಲೀಗ್‌ನಲ್ಲಿ ಪ್ರತಿಯೊಂದು ಸೋಲೂ ಕಣ್ಣಿಗೆ ಕಾಣುತ್ತದೆ. 162ರಲ್ಲಿ ಸೋಲು ನೀರಿನಲ್ಲಿ ಉಪ್ಪು ಕರಗಿದ ಹಾಗೆ ಕರಗಿ ಹೋಗುತ್ತದೆ.

ಹಾಗಾದರೆ ಯಾಕೆ ಅಷ್ಟು ಸೋಲು? ನನ್ನನ್ನು ಕೇಳಿದರೆ ಒಂದೇ ಉತ್ತರ, ಪಿಚಿಂಗ್. ಜೂನ್ 12ನ್ನೇ ತಗೊಳ್ಳಿ. ಆವತ್ತು ಮೆಟ್ಸ್ ಗೆದ್ದಿತು. ಪಿಚ್ ಮಾಡುತ್ತಿದ್ದವರು ಜಪಾನಿನ ಕೊಡೈ ಸೆಂಗಾ. ಅಲ್ಲಿಯವರೆಗೆ ಅವರ ಸರಾಸರಿ 9 ಇನಿಂಗ್ಸ್‌ಗೆ ಬರೀ 1.47 ರನ್, ಅಂದರೆ ಲೀಗ್‌ನ ಅತಿ ಒಳ್ಳೆಯ ಪಿಚರ್‌ಗಳ ಸಾಲು. ಒಂದು ಸಾಧಾರಣ ಚೆಂಡು ಮೊದಲ ಬೇಸ್ ಕಡೆ ಹೋಯಿತು. ಬೇಸ್ ಕಾಯಬೇಕಾದ ಅಲಾನ್ಸೊ ಚೆಂಡು ಹಿಡಿಯಲು ಈಚೆ ಬಂದ. ಆಗ ಪಿಚರ್ ಓಡಿ ಹೋಗಿ ಬೇಸ್ ಮೇಲೆ ನಿಲ್ಲಬೇಕು, ನಿಮ್ಮ ಮಗನ ವಯಸ್ಸಿನವರಿಗೂ ನಾವು ಮೊದಲ ವಾರವೇ ಕಲಿಸುವ ಪಾಠ. ಸೆಂಗಾ ಓಡಿದರು. ಅಲಾನ್ಸೊ ಎಸೆದ ಚೆಂಡು ಸ್ವಲ್ಪ ಎತ್ತರ ಬಂತು. ಸೆಂಗಾ ಹಾರಿ ಹಿಡಿದು, ಕಾಲು ಚಾಚಿ ಬೇಸ್ ಮುಟ್ಟಿದರು. ಬ್ಯಾಟ್ಸ್‌ಮನ್ ಔಟ್. ಸೆಂಗಾ ತೊಡೆಯ ಹಿಂಭಾಗ ಹಿಡಿದುಕೊಂಡು ಅಲ್ಲೇ ಬಿದ್ದರು. ಹ್ಯಾಮ್‌ಸ್ಟ್ರಿಂಗ್. ಮಾರನೇ ದಿನದಿಂದ ತಂಡ ಸತತ 7 ಸೋತಿತು. ಒಂದು ತಿಂಗಳಾದ ಮೇಲೆ ಸೆಂಗಾ ವಾಪಸ್ ಬಂದರು, ಆದರೆ ಆ ಸೆಂಗಾ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರನ್ನು ಕೆಳಗಿನ ಲೀಗ್‌ಗೆ ಕಳಿಸಬೇಕಾಯಿತು.

ಒಬ್ಬ ಪಿಚರ್ ಹೋದರೆ ತಂಡವೇ ಮುಳುಗುತ್ತದಾ ಅಂತ ಕೇಳಬಹುದು. ಅವರೊಬ್ಬರೇ ಆಗಿದ್ದರೆ ಮುಳುಗುತ್ತಿರಲಿಲ್ಲ. ಜೂನ್ ಕೊನೆಯಲ್ಲಿ ಗ್ರಿಫಿನ್ ಕ್ಯಾನಿಂಗ್ ಹಿಮ್ಮಡಿಯ ನರ ಹರಿದುಕೊಂಡು ವರ್ಷಕ್ಕೇ ಹೊರಗೆ ಹೋದರು. ಶಾನ್ ಮನಾಯ ಆರಂಭದಿಂದಲೂ ಗಾಯಾಳು. ತಂಡಕ್ಕೆ ಐದು ಜನ ಸ್ಟಾರ್ಟರ್‌ಗಳು ಇರುತ್ತಾರೆ, ಐದು ದಿನಕ್ಕೊಮ್ಮೆ ಒಬ್ಬೊಬ್ಬರ ಸರದಿ. ಸ್ಟಾರ್ಟರ್ 6 ಇನಿಂಗ್ಸ್ ಎಸೆದರೆ ಉಳಿದ 3ನ್ನು ರಿಲೀಫ್ ಪಿಚರ್‌ಗಳು ನೋಡಿಕೊಳ್ಳುತ್ತಾರೆ. ಅವರು ಕೂತು ಕಾಯುವ ಜಾಗಕ್ಕೆ ಬುಲ್‌ಪೆನ್ ಅನ್ನುತ್ತಾರೆ. ಸ್ಟಾರ್ಟರ್ ನಾಲ್ಕಕ್ಕೇ ಸುಸ್ತಾದರೆ ಬುಲ್‌ಪೆನ್ ಮೇಲೆ 5 ಇನಿಂಗ್ಸ್ ಬೀಳುತ್ತದೆ. ಒಂದು ದಿನ ಸರಿ. ದಿನಾ ಹಾಗೇ ಆದರೆ? ಆ ಬೇಸಿಗೆಯಲ್ಲಿ ವಾರಗಟ್ಟಲೆ ಡೇವಿಡ್ ಪೀಟರ್ಸನ್ ಒಬ್ಬರನ್ನು ಬಿಟ್ಟರೆ ಮೆಟ್ಸ್‌ನ ಯಾವ ಸ್ಟಾರ್ಟರೂ 6 ಇನಿಂಗ್ಸ್ ಮುಟ್ಟಲಿಲ್ಲ. ಮದುವೆ ಮನೆಗೆ ಮುಖ್ಯ ಅಡುಗೆಯವರು ಬರಲಿಲ್ಲ ಅಂತ ಬಡಿಸುವವರನ್ನೇ ಒಲೆ ಮುಂದೆ ಕೂರಿಸಿದ ಹಾಗೆ. ಮೊದಲ ಪಂಕ್ತಿ ಹೇಗೋ ಆಗುತ್ತದೆ. ಮೂರನೇ ಪಂಕ್ತಿಗೆ ಸಾರು ಸೀಯುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಮೆಟ್ಸ್ 40ಕ್ಕೂ ಜಾಸ್ತಿ ಪಿಚರ್‌ಗಳನ್ನು ಬಳಸಿತ್ತು. ಜುಲೈ ಕೊನೆಯಲ್ಲಿ ರಯಾನ್ ಹೆಲ್ಸ್ಲಿಯಂಥ ಹೆಸರಾಂತ ರಿಲೀಫ್ ಪಿಚರ್‌ಗಳನ್ನು ಬೇರೆ ತಂಡಗಳಿಂದ ತಂದರು. ಸ್ಟಾರ್ಟರ್ ಮಾತ್ರ ಒಬ್ಬರೂ ಬರಲಿಲ್ಲ. ಹೆಲ್ಸ್ಲಿ ಇಲ್ಲಿಗೆ ಬಂದ ಮೇಲೆ ಬರೀ ಹೊಡೆತ ತಿಂದರು. ತಂಡ ಕಟ್ಟುವ ಡೇವಿಡ್ ಸ್ಟರ್ನ್ಸ್ ಅವರ ತಪ್ಪು ಅಂತ ನಾನು ಎತ್ತಿ ತೋರಿಸೋದು ಇದೊಂದನ್ನೇ. ಬೇಕಿದ್ದದ್ದು ಒಲೆ ಮುಂದೆ ಕೂರುವವರು, ತಂದದ್ದು ಮತ್ತಷ್ಟು ಬಡಿಸುವವರನ್ನು.

ಜೂನ್‌ನಲ್ಲಿ ಸತತ 7 ಸೋಲು. ಆಗಸ್ಟ್‌ನಲ್ಲಿ ಮತ್ತೆ 7. ಸೆಪ್ಟೆಂಬರ್‌ನಲ್ಲಿ 8. ಇದರಲ್ಲಿ ಅದೃಷ್ಟದ ಪಾಲೂ ಇದೆ, ಸುಳ್ಳು ಹೇಳಲ್ಲ. ಮಗನ ಕೈಗೆ ಒಂದು ನಾಣ್ಯ ಕೊಟ್ಟು 162 ಸಲ ಚಿಮ್ಮಿಸಲು ಹೇಳಿ. ಎಲ್ಲೋ ಒಂದು ಕಡೆ ಸತತ 7 ಸಲ ಟೇಲ್ ಬೀಳುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧದಷ್ಟಿದೆ. ಅಂದರೆ ಸಾಧಾರಣ ತಂಡಕ್ಕೆ ಅಂಥದ್ದೊಂದು ವಾರ ಬರೋದು ದೊಡ್ಡ ವಿಷಯವಲ್ಲ. ಆದರೆ ನಾಲ್ಕು ತಿಂಗಳಿನೊಳಗೆ ಮೂರು ಸಲ ಬಂದರೆ ನಾಣ್ಯವನ್ನು ದೂರುವುದು ಬಿಟ್ಟು ಬುಲ್‌ಪೆನ್ ಕಡೆ ನೋಡಬೇಕು. ಕೊನೆಯ ಎರಡು ಸೋಲಿನ ಸರಣಿಗಳನ್ನು ನಿಲ್ಲಿಸಿದ್ದು ಯಾರು ಗೊತ್ತಾ? ಆಗಸ್ಟ್ 12ರಂದು ಅಲಾನ್ಸೊ ಡ್ಯಾರಿಲ್ ಸ್ಟ್ರಾಬೆರಿಯ 252 ಹೋಮ್ ರನ್‌ಗಳ ದಾಖಲೆ ದಾಟಿದ ದಿನ ಒಂದು ನಿಂತಿತು. ಸೆಪ್ಟೆಂಬರ್ 14ರಂದು ಹತ್ತನೇ ಇನಿಂಗ್ಸ್‌ನಲ್ಲಿ ಅಲಾನ್ಸೊ ಹೊಡೆದ ಹೋಮ್ ರನ್‌ನಿಂದ ಇನ್ನೊಂದು. ನಿಮ್ಮ ಮಗ ಹೀರೊ ಆರಿಸಿಕೊಳ್ಳುವುದರಲ್ಲಿ ಎಡವಿಲ್ಲ.

ದುಡ್ಡಿನ ಮಾತು. ಹುವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟದ್ದು ಎಲ್ಲರ ಬಾಯಲ್ಲೂ ಇದೆ. ಸೋತಾಗ ಮೊದಲು ಕೇಳಿಬರುವುದೂ ಅದೇ ಲೆಕ್ಕ. ಆತ 43 ಹೋಮ್ ರನ್ ಹೊಡೆದ, 38 ಬೇಸ್ ಕದ್ದ (ಅಂದರೆ ಚೆಂಡು ಹೊಡೆಯುವ ಮುಂಚೆಯೇ ಮುಂದಿನ ಬೇಸ್‌ಗೆ ಓಡಿ ಸೇರಿದ). ಇನ್ನೇನು, ಪಿಚಿಂಗೂ ಅವನೇ ಮಾಡಬೇಕಿತ್ತಾ? ದುಡ್ಡು ಕೊಟ್ಟು ಬ್ಯಾಟ್ ಕೊಳ್ಳಬಹುದು. ಹ್ಯಾಮ್‌ಸ್ಟ್ರಿಂಗ್ ಹರಿಯದ ಹಾಗೆ ವಿಮೆ ಕೊಳ್ಳಲು ಆಗಲ್ಲ.

ಇನ್ನು ಕೊನೇ ದಿನ ಹೆದರಿ ಸೋತರಾ ಅನ್ನೋದು. ಟಿವಿಯಲ್ಲಿ ಕೂತವರಿಗೆ ಈ ಮಾತು ಬಲು ಇಷ್ಟ. ಆ ಪಂದ್ಯವನ್ನು ನಾನು ಎಂದಿನಂತೆ ಸ್ಕೋರ್ ಶೀಟ್ ಬರೆದುಕೊಂಡು ನೋಡಿದೆ. ಮಾರ್ಲಿನ್ಸ್ ನಾಲ್ಕೂ ರನ್ನು ಒಂದೇ ಇನಿಂಗ್ಸ್‌ನಲ್ಲಿ, ನಾಲ್ಕನೆಯದರಲ್ಲಿ, ಗಳಿಸಿತು. ಅದರ ನಂತರ ಮೆಟ್ಸ್‌ಗೆ ಒಂದು ಅವಕಾಶ ಬಂತು. ಬೇಸ್ ಮೂರೂ ತುಂಬಿವೆ, ಅಲಾನ್ಸೊ ಬ್ಯಾಟ್ ಹಿಡಿದು ನಿಂತಿದ್ದಾನೆ. ಹೊಡೆದ. ಗಂಟೆಗೆ 180 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಚೆಂಡು ಹೋಯಿತು. ನಾನು ಪೆನ್ಸಿಲ್ ಎತ್ತಿದೆ. ಚೆಂಡು ನೇರ ಲೆಫ್ಟ್ ಫೀಲ್ಡರ್ ಕಡೆಗೇ ಹೋಗಿ ಅವನ ಗ್ಲೌಸ್ ಸೇರಿತು. ನನ್ನ ಹಾಳೆಯ ಆ ಚೌಕದಲ್ಲಿ ಒಂದು ಗೆರೆ ಎದ್ದು, ಅರ್ಧಕ್ಕೇ ನಿಂತಿದೆ. ಅದರ ಮೇಲೆ ಎಲ್-7 ಅಂತ ಬರೆದುಕೊಂಡೆ, ಲೆಫ್ಟ್ ಫೀಲ್ಡರ್ ಹಿಡಿದ ನೇರ ಹೊಡೆತ ಅಂತ ಗುರುತು. ಹೆದರಿದವನು ಹಾಗೆ ಹೊಡೆಯುವುದಿಲ್ಲ. ನಾಲ್ಕು ಹೆಜ್ಜೆ ಆಚೀಚೆ ಹೋಗಿದ್ದರೆ ಎರಡೋ ಮೂರೋ ರನ್, ಆಮೇಲೆ ಯಾರಿಗೆ ಗೊತ್ತು.

ಆದರೆ ಒಂದು ಮಾತು ಒಪ್ಪುತ್ತೇನೆ. ಆ ವರ್ಷ 8 ಇನಿಂಗ್ಸ್ ಮುಗಿದಾಗ ಹಿಂದಿದ್ದ ಒಂದೇ ಒಂದು ಪಂದ್ಯವನ್ನೂ ಮೆಟ್ಸ್ ತಿರುಗಿಸಿ ಗೆಲ್ಲಲಿಲ್ಲ. ಇಡೀ ವರ್ಷದಲ್ಲಿ ಒಂದೂ ಇಲ್ಲ. ದುರ್ಬಲ ತಂಡಗಳಿಗೂ ಅಂಥ ಎರಡು ಮೂರು ಗೆಲುವು ಎಲ್ಲಿಂದಲೋ ಸಿಗುತ್ತವೆ. ಒಂಬತ್ತನೇ ಇನಿಂಗ್ಸ್ ಬಂದರೆ ನಿಮ್ಮ ಮಗ ಮುಂಚೆಯೇ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದನಾ? ಅವನ ಅಂದಾಜು ಸರಿಯಾಗೇ ಇತ್ತು.

ಮಾರ್ಲಿನ್ಸ್ ಕೂಡ ಸುಮ್ನೆ ಬಂದು ಆಡಿ ಹೋಗುವ ತಂಡವಲ್ಲ. 79-83ಕ್ಕೆ ಮುಗಿಸಿದರು, ಪ್ಲೇಆಫ್ ಆಸೆ ಕೈಬಿಟ್ಟಿದ್ದರು. ಅಂಥ ತಂಡದಲ್ಲಿ ಎಳೇ ಹುಡುಗರು ಜಾಸ್ತಿ. ಅವರಿಗೆ ಕೊನೇ ಭಾನುವಾರ ಅಂದರೆ ಮುಂದಿನ ವರ್ಷದ ಕೆಲಸದ ಇಂಟರ್‌ವ್ಯೂ. ಕಳೆದುಕೊಳ್ಳಲು ಏನೂ ಇಲ್ಲದವರ ಜೊತೆ ಕೊನೇ ದಿನ ಆಡಬಾರದು, ಆದರೆ ವೇಳಾಪಟ್ಟಿ ಮಾಡುವವರು ನಮ್ಮನ್ನು ಕೇಳುವುದಿಲ್ಲವಲ್ಲ.

ಆ ಭಾನುವಾರದ ಇನ್ನೊಂದು ತಮಾಷೆ. ರೆಡ್ಸ್ ಕೂಡ ಸೋತಿತ್ತು. ಸೋಲಿಸಿದ್ದು ಮಿಲ್ವಾಕಿ. 2008ರಲ್ಲಿ ನಮ್ಮ ಜಾಗ ಕಿತ್ತುಕೊಂಡ ಅದೇ ಮಿಲ್ವಾಕಿ ಈ ಸಲ ಬಾಗಿಲು ತೆರೆದು ನಿಂತಿತ್ತು, ನಾವೇ ಒಳಗೆ ಹೋಗಲಿಲ್ಲ. ರೆಡ್ಸ್ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆಗ ಟೆರ್ರಿ ಫ್ರಾಂಕೋನಾ. ಇದೇ ಫ್ರಾಂಕೋನಾ 2011ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ನಡೆಸುತ್ತಿದ್ದರು. ಸೆಪ್ಟೆಂಬರ್ ಶುರುವಿನಲ್ಲಿ 9 ಪಂದ್ಯ ಮುಂದಿದ್ದ ಆ ತಂಡ ಆ ತಿಂಗಳು 7 ಗೆದ್ದು 20 ಸೋತಿತು. ಕೊನೇ ರಾತ್ರಿ ಬಾಲ್ಟಿಮೋರ್‌ನಲ್ಲಿ ಇನ್ನೊಂದೇ ಔಟ್ ಬೇಕಿದ್ದಾಗ ಪಂದ್ಯ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಫ್ಲಾರಿಡಾದಲ್ಲಿ ಟ್ಯಾಂಪಾ ಬೇ ಗೆದ್ದು ಅವರನ್ನು ಹೊರಗೆ ಹಾಕಿತು. ಎರಡು ದಿನದಲ್ಲಿ ಫ್ರಾಂಕೋನಾ ಹುದ್ದೆ ಬಿಟ್ಟರು. ಆ ತಾರೀಕು? ಸೆಪ್ಟೆಂಬರ್ 28. ಹದಿನಾಲ್ಕು ವರ್ಷದ ನಂತರ ಅದೇ ತಾರೀಕು ಅದೇ ಮನುಷ್ಯ ಸೋತರೂ ಪ್ಲೇಆಫ್‌ಗೆ ಹೋದ. ಅಂದಹಾಗೆ ಫ್ರಾಂಕೋನಾ ಹೋದ ಎರಡನೇ ವರ್ಷ, 2013ರಲ್ಲಿ, ಬಾಸ್ಟನ್ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಗೆದ್ದಿತು.

ಮಗನಿಗೆ ಏನು ಹೇಳೋದು ಅಂತ ಕೇಳಿದಿರಿ. ಅವನಿಗೆ 'ಆಟ ತಾನೇ, ಬಿಡು' ಅನ್ನಬೇಡಿ. ಆ ಮಾತು ಕೇಳಿ ಸಮಾಧಾನವಾದ ಒಬ್ಬ ಹುಡುಗನನ್ನೂ ನಾನು ನೋಡಿಲ್ಲ. ಅವನು ಆರು ತಿಂಗಳು ದಿನಾ ಮೂರು ಗಂಟೆ ಕೊಟ್ಟಿದ್ದಾನೆ. ಕೋಪ ಬರಬೇಕಾದ್ದೇ. ಮಾರನೇ ದಿನ ತಂಡದ ಮಾಲೀಕ ಸ್ಟೀವ್ ಕೋಹೆನ್ ಕೂಡ ಅಭಿಮಾನಿಗಳ ಕ್ಷಮೆ ಕೇಳಿದರು, ನಿಮ್ಮ ಪಾಲಿನ ಕೆಲಸ ನೀವು ಮಾಡಿದಿರಿ, ನಮ್ಮ ಪಾಲಿನದನ್ನು ನಾವು ಮಾಡಲಿಲ್ಲ ಅಂತ. ಗ್ಲಾವಿನ್ ಮಾತು ಕೇಳಿದ್ದ ನನಗೆ ಇದು ಎಷ್ಟೋ ವಾಸಿ ಅನ್ನಿಸಿತು. ಪಿಚಿಂಗ್ ಕೋಚ್ ಸೇರಿ ಹಲವರು ಕೆಲಸ ಕಳೆದುಕೊಂಡರು. ಮ್ಯಾನೇಜರ್ ಕಾರ್ಲೋಸ್ ಮೆಂಡೋಜಾ ಉಳಿದರು. ಅದು ಸರಿಯೋ ತಪ್ಪೋ ಅಂತ ನಾನೂ ನನ್ನ ಹೆಂಡತಿಯೂ ಇನ್ನೂ ಜಗಳ ಆಡುತ್ತಿದ್ದೇವೆ.

ಬೇಕಿದ್ದರೆ ಅವನಿಗೆ 1973ರ ಲೆಕ್ಕ ಕೊಡಿ. ಆ ವರ್ಷ ಆಗಸ್ಟ್ ಕೊನೆಯಲ್ಲೂ ಮೆಟ್ಸ್ ತನ್ನ ವಿಭಾಗದಲ್ಲಿ ಕಟ್ಟಕಡೆಗಿತ್ತು. ಸೆಪ್ಟೆಂಬರ್‌ನಲ್ಲಿ ಗೆದ್ದು ಗೆದ್ದು ವಿಭಾಗ ಹಿಡಿಯಿತು, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೂ ಹೋಯಿತು. ಆ ವರ್ಷದ ಗೆಲುವು ಎಷ್ಟು ಗೊತ್ತಾ? 82. 2025ರಲ್ಲಿ ಮನೆಗೆ ಕಳಿಸಿದ 83ಕ್ಕಿಂತ ಒಂದು ಕಡಿಮೆ. 12 ವರ್ಷದ ಹುಡುಗರಿಗೆ ಇಂಥ ಅಂಕಿ ಸಿಕ್ಕರೆ ಸಾಕು, ಶಾಲೆಯಲ್ಲಿ ನಾಲ್ಕು ಜನಕ್ಕೆ ಹೇಳುತ್ತಾರೆ, ಆಟದ ಮಾತು ತಾನಾಗೇ ಶುರುವಾಗುತ್ತದೆ.

ಅಲಾನ್ಸೊ ಬಾಲ್ಟಿಮೋರ್‌ಗೆ ಹೋದದ್ದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ನನಗೂ ಬೇಜಾರಾಗಿದೆ. ಎಡ್ವಿನ್ ಡಿಯಾಸ್ ಡಾಡ್ಜರ್ಸ್‌ಗೆ ಹೋದ, ಬ್ರ್ಯಾಂಡನ್ ನಿಮ್ಮೊನನ್ನು ಟೆಕ್ಸಸ್‌ಗೆ ಕೊಟ್ಟರು. ಬರುವ ವರ್ಷ ಅಂಗಿ ಅದೇ, ಮುಖಗಳು ಬೇರೆ. ಜರ್ಸಿ ಮಾತ್ರ ಎಸೆಯಲು ಬಿಡಬೇಡಿ. ಸ್ಟ್ರಾಬೆರಿಯೂ 1990ರ ನಂತರ ಡಾಡ್ಜರ್ಸ್‌ಗೆ ಹೋಗಿದ್ದ, ಆಗ ಊರೆಲ್ಲ ಬೈದಿತ್ತು. 2024ರಲ್ಲಿ ಅವನ 18ನೇ ನಂಬರನ್ನು ಇದೇ ಸಿಟಿ ಫೀಲ್ಡ್‌ನಲ್ಲಿ ಎತ್ತಿಟ್ಟರು. ಹಳೇ ಜರ್ಸಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಬಂದವರು ಆವತ್ತು ಎಷ್ಟೋ ಜನ.

ಟಿಕೆಟ್ ತಗೊಳ್ಳಿ. ಆದರೆ ಇಡೀ ಸೀಸನ್ ಪಾಸ್ ಬೇಡ, ಅಷ್ಟು ದುಡ್ಡು ಹಾಕಿದರೆ ಕೋಪ ನಿಮಗೇ ಜಾಸ್ತಿ ಬರುತ್ತದೆ. ಏಪ್ರಿಲ್‌ನ ಯಾವುದಾದರೂ ವಾರದ ದಿನದ ಪಂದ್ಯ ನೋಡಿ, ಆಗ ಅಗ್ಗ ಇರುತ್ತದೆ. ಕಾರಿನಲ್ಲಿ ಹೋಗಿ ಪಾರ್ಕಿಂಗ್‌ಗೆ ದುಡ್ಡು ಸುರಿಯಬೇಡಿ. ಎಡಿಸನ್‌ನಿಂದ ಪೆನ್ ಸ್ಟೇಷನ್‌ಗೆ ಟ್ರೇನ್, ಅಲ್ಲಿಂದ ಟೈಮ್ಸ್ ಸ್ಕ್ವೇರ್‌ಗೆ ನಡೆದು 7ನೇ ನಂಬರ್ ಸಬ್‌ವೇ ಹಿಡಿದರೆ ಮೆಟ್ಸ್-ವಿಲೆಟ್ಸ್ ಪಾಯಿಂಟ್‌ನಲ್ಲಿ ಇಳಿಯಿರಿ, ಮೆಟ್ಟಿಲಿಳಿದರೆ ಗೇಟು. ಸಂಜೆ ಆ ಕಡೆ ಗಾಳಿ ವಿಪರೀತ ಚಳಿ ಇರುತ್ತದೆ, ದಪ್ಪ ಜಾಕೆಟ್ ಇಟ್ಟುಕೊಳ್ಳಿ. ಟೋಪಿ ವಿಷಯ ಹೊರಡುವ ದಿನ ಬೆಳಿಗ್ಗೆ ಅವನೇ ಎತ್ತುತ್ತಾನೆ.